ಫಿಂಟನ್‌ನ ಕೋಟು, ಸಂದಿಗೆ ಕಟ್ಟಿದ ಗೇಟು

ನಾನು ಡಿಲಿಯಾ. ವಯಸ್ಸು ಅರವತ್ತಮೂರು. ನನ್ನ ಮಾತು ಸ್ವಲ್ಪ ಒರಟು, ಮೊದಲೇ ಹೇಳಿಬಿಡ್ತೀನಿ. ಇವತ್ತಂತೂ ಸಿಟ್ಟಲ್ಲೇ ಮಾತಾಡ್ತೀನಿ. ಹನ್ನೊಂದು ವರ್ಷ ನುಂಗಿಕೊಂಡ ಸಿಟ್ಟು ಇದು, ಇನ್ನು ನುಂಗೋಕೆ ನನ್ನ ಕೈಲಾಗಲ್ಲ.

ಫೆಬ್ರವರಿ ಬಂತು ಅಂದ್ರೆ ನಮ್ಮ ರಾಸ್‌ಕಾಮನ್ ಜಿಲ್ಲೇಲಿ ಮನೆಮನೆಯಲ್ಲೂ ಒಂದೇ ಮಾತು. "ಎಷ್ಟು ಈದ್ವು? ಎಷ್ಟು ಬಾಕಿ?" ಚರ್ಚಿನ ಬಾಗಿಲಲ್ಲೂ ಅದೇ, ಅಂಗಡೀಲೂ ಅದೇ. ನಿದ್ದೆಗೆಟ್ಟು ಎಲ್ಲರ ಕಣ್ಣೂ ಕೆಂಪಗೆ. ಆಮೇಲೆ ಇನ್ನೊಂದು ಮಾತು ಬಂದೇ ಬರುತ್ತೆ. "ಅಲ್ಲಿ ಯಾರಿಗೋ ಹಸು ಹಾಯ್ತಂತೆ." "ಅಯ್ಯೋ ಪಾಪ." ಅಷ್ಟೇ, ಮುಗೀತು. ಯಾಕೆ ಹಾಯ್ತು, ಹೇಗೆ ಹಾಯ್ತು ಅಂತ ಒಬ್ಬರೂ ಕೇಳಲ್ಲ. ಮಳೆ ಬಂತಂತೆ ಅಂದಷ್ಟು ಸಲೀಸಾಗಿ ಹೇಳಿ ಟೀ ಕುಡಿದು ಎದ್ದು ಹೋಗ್ತಾರೆ.

ನನ್ನ ತಮ್ಮ ಫಿಂಟನ್. ಅವನ ಮನೆ ನಮ್ಮ ಮನೆ ಎದುರಿಗೇ, ರಸ್ತೆ ದಾಟಿದ್ರೆ ಸಿಗುತ್ತೆ. ಅವನ ಹೆಂಡತಿ ಊನಾ. ಆಗ ಹದಿನಾಲ್ಕು ಹಸು ಇದ್ವು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ತಾಯಿ ಹಾಲಿನ ತಳಿ, ಅಪ್ಪ ಮಾಂಸದ ತಳಿ, ಅಜ್ಜ ಯಾರು ಅಂತ ದೇವರಿಗೇ ಗೊತ್ತು. ಕರು ತಾಯಿ ಹಿಂದೇನೇ ಓಡಾಡ್ಕೊಂಡು ಕೆಚ್ಚಲಿನ ಹಾಲು ಪೂರಾ ಕುಡಿದು ಬೆಳೆಯುತ್ತೆ, ಅಕ್ಟೋಬರಲ್ಲಿ ಸಂತೆಗೆ ಹೋಗುತ್ತೆ. ಅಂದ್ರೆ ಈ ಹಸುಗಳನ್ನ ಯಾರೂ ದಿನಾ ಕೂತು ಹಾಲು ಕರೆಯಲ್ಲ, ಮೈ ನೇವರಿಸಲ್ಲ. ಮನುಷ್ಯರ ಕೈ ಅವಕ್ಕೆ ಅಭ್ಯಾಸವೇ ಇಲ್ಲ. ಇದನ್ನ ನೆನಪಿಟ್ಕೊಳ್ಳಿ.

ಆ ಹದಿನಾಲ್ಕರಲ್ಲಿ ಒಂದು ಕೆಂಪಿ. ಅವಳ ಹಾಲು ತಾಯಿ ಕಡೇದು, ಸಿಟ್ಟು ಅಪ್ಪನ ಕಡೇದು. ಪ್ರತಿ ವರ್ಷ ಅವಳ ಕರುನೇ ಸಂತೇಲಿ ಎಲ್ಲರ ಕಣ್ಣು ಕುಕ್ಕೋದು. ಹೋದ ವರ್ಷ ಅವಳು ಫಿಂಟನ್‌ನ ಪ್ಯಾಂಟು ಸೊಂಟದಿಂದ ಮೊಣಕಾಲಿನ ತನಕ ಹರಿದಿದ್ದಳು. ಅದಕ್ಕೂ ಹಿಂದಿನ ವರ್ಷ ನಮ್ಮ ಪಶುವೈದ್ಯೆ ಡಾಕ್ಟರ್ ಕ್ಲೋಡಾ ಗೋಡೆ ಹಾರಿ ಗೊಬ್ಬರದ ಗುಂಡಿಗೆ ಬಿದ್ದು ಜೀವ ಉಳಿಸ್ಕೊಂಡ್ರು. ಎರಡು ಕಥೇನೂ ಫಿಂಟನ್ ಊರ ತುಂಬ ಹೇಳಿ ನಗಿಸಿದ. ಎಲ್ಲರೂ ನಕ್ಕರು. ಡಾಕ್ಟರ್ ಮಾತ್ರ ನಗಲಿಲ್ಲ. "ಫಿಂಟನ್, ಇವಳನ್ನ ಇಟ್ಕೋಬೇಡಿ. ಇಟ್ಕೊಂಡ್ರೂ ಆ ಗೇಟು ಹಾಕಿಸಿ" ಅಂದಿದ್ರು.

ಆ ಗೇಟಿನ ಕಥೆ ಹೇಳ್ತೀನಿ, ಕೇಳಿ. ಕರು ಹಾಕಿಸೋ ಗೇಟು ಅಂತ ಬರುತ್ತೆ. ಕೊಟ್ಟಿಗೆ ಗೋಡೆಗೆ ಒಂದು ಕಡೆ ಕೀಲು. ಆಚೆ ನಿಂತ್ಕೊಂಡು ಗೇಟನ್ನ ತಳ್ಳಿದ್ರೆ ಸಾಕು, ಹಸು ಗೋಡೆಗೂ ಗೇಟಿಗೂ ಮಧ್ಯೆ ನಿಲ್ಲುತ್ತೆ, ತಲೆ ಕಂಬಿಯಲ್ಲಿ ಸಿಕ್ಕಿ ಭದ್ರ ಆಗುತ್ತೆ. ಆಮೇಲೆ ಕರು ಎಳೀರಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಗಿಣ್ಣದ ಹಾಲು ಕುಡಿಸಿ, ಏನು ಬೇಕಾದ್ರೂ ಮಾಡಿ. ನಾನು ತಲೆ ತಿಂದು ತಿಂದು ಮೂರು ವರ್ಷದ ಹಿಂದೆ ಫಿಂಟನ್ ಕೈಲಿ ಅದನ್ನ ತರಿಸಿದೆ. ತಂದ. ತಂದು ಎಲ್ಲಿ ಕಟ್ಟಿದ ಗೊತ್ತಾ? ನನ್ನ ಹಿತ್ತಲ ಬೇಲೀಲಿ ಒಂದು ಸಂದಿ ಇತ್ತು, ಅವನ ಕುರಿ ನುಗ್ತಿದ್ವು. ಆ ಸಂದಿಗೆ ಅಡ್ಡ ಇಟ್ಟು ಹುಲ್ಲಿನ ಕಟ್ಟಿನ ನೀಲಿ ಹಗ್ಗದಲ್ಲಿ ಬಿಗಿದ! ಜೀವ ಕಾಯೋ ಗೇಟು ಮೂರು ವರ್ಷ ನನ್ನ ಎಲೆಕೋಸು ಕಾದ್ಕೊಂಡು ನಿಂತಿತ್ತು.

ಫೆಬ್ರವರಿ ಒಂದು, ದನಕರು ಕಾಯೋ ಸಂತ ಬ್ರಿಜಿಡಮ್ಮನ ಹಬ್ಬದ ದಿನ ಅವರ ಮನೆಗೆ ಹೋಗಿದ್ದೆ. ಊನಾ ಜೊಂಡಿನ ಶಿಲುಬೆ ಹೆಣೆದು ಕೊಟ್ಟಿಗೆ ಬಾಗಿಲ ಮೇಲೆ ಸಿಕ್ಕಿಸ್ತಿದ್ದಳು. ಫಿಂಟನ್ ರೊಟ್ಟಿಗೆ ಬೆಣ್ಣೆ ಮೆತ್ತುತ್ತಿದ್ದ.

"ಫಿಂಟನ್, ಆ ಗೇಟು ಯಾವಾಗ ಹಾಕಿಸ್ತೀಯೋ?"

"ಹಾಕಿಸ್ತೀನಿ ಕಣೇ ಅಕ್ಕ. ಕುರಿ ಸಂದಿ ಒಂದು ಸರಿ ಆಗ್ಲಿ."

"ಮೂರು ವರ್ಷದಿಂದ ಆಗ್ತಾನೇ ಇದೆ."

"ಬ್ರಿಜಿಡಮ್ಮ ಇದಾಳಲ್ಲ, ನೋಡ್ಕೋತಾಳೆ ಬಿಡು."

"ಅವಳು ಬಂದು ನಿನ್ನ ಗೇಟಿಗೆ ಕೀಲು ಹಾಕ್ತಾಳೇನೋ? ಅವಳೂ ಹಸು ಸಾಕಿದೋಳು. ನಿನ್ನ ಕಂಡಿದ್ರೆ ಕೋಲು ತಗೊಂಡು ಬಾರಿಸ್ತಿದ್ಲು!"

ಊನಾ ನಕ್ಕಳು. ಫಿಂಟನ್ ಮಾತ್ರ ಜಗ್ಗಲಿಲ್ಲ.

"ಕೆಂಪಿ ಈದ ಎರಡು ದಿನ ಸ್ವಲ್ಪ ಹಾಗೆ. ಆಮೇಲೆ ಸರಿ ಹೋಗ್ತಾಳೆ. ಹಾಲು ಕೊಡೋ ಹಸು ಒದ್ರೂ ಒದೆಸ್ಕೋಬೇಕು."

"ಎರಡು ದಿನ ಸಾಲದೇನೋ ಸಾಯೋಕೆ? ಅರ್ಧ ನಿಮಿಷ ಸಾಕು."

"ನೋಡಕ್ಕ, ಅವಳಿಗೆ ನನ್ನ ಈ ಕೋಟು ಗೊತ್ತು." ಬಾಗಿಲ ಹಿಂದೆ ನೇತಾಕಿದ್ದ ಹಳೇ ಕೋಟು ತೋರಿಸಿದ. ಹಸಿರು ಬಣ್ಣದ್ದು ಅನ್ನಬೇಕು, ಈಗ ಸೆಗಣಿ ಬಣ್ಣ. "ಹಸುಗೆ ಮುಖ ಗೊತ್ತಾಗಲ್ಲ, ಕೋಟಿನ ವಾಸನೆ ಗೊತ್ತಾಗುತ್ತೆ. ಇದನ್ನ ಹಾಕ್ಕೊಂಡು ಯಾರು ಹೋದ್ರೂ ಅವಳಿಗೆ ನಾನೇ."

ಈ ನಂಬಿಕೆ ನಮ್ಮ ಕಡೆ ಇವತ್ತಿನದಲ್ಲ. ನಮ್ಮಮ್ಮನೂ ಅಪ್ಪನ ಕೋಟು ಹಾಕ್ಕೊಂಡೇ ಹಾಲು ಕರೀತಿದ್ಲು. ಬೆಳಿಗ್ಗೆ ಸಂಜೆ ಕೈ ಮುಟ್ಟೋ ಹಸುಗೆ ಅದು ನಡೀಬಹುದು. ಆಗ ತಾನೇ ಈದ ಹಸುಗೆ ಕಳ್ಳ ಬಂದ್ರೂ ಒಂದೇ, ಬಿಷಪ್ಪು ಬಂದ್ರೂ ಒಂದೇ. ಕರು ಹತ್ರ ಬಂದೋನೆಲ್ಲ ಶತ್ರು.

"ಎಮನ್‌ಗೂ ಅವನದೇ ಕೋಟು ಇತ್ತು ಕಣೋ" ಅಂದೆ.

ಎಮನ್ ನನ್ನ ಗಂಡ. ಹನ್ನೊಂದು ವರ್ಷದ ಹಿಂದೆ ಹೋದ. ಕೆಂಪಿ ಥರದ ಹಸು ಅಲ್ಲ ಅದು, ನಮ್ಮ ಬೂದು ಹಸು. ಮಕ್ಕಳು ಅದರ ಬೆನ್ನ ಮೇಲೆ ಕೂತು ಆಡ್ತಿದ್ರು. ಅಂಥ ಸಾಧು. ಎಮನ್ ಕರುವಿನ ಕಿವಿಗೆ ನಂಬರಿನ ಓಲೆ ಚುಚ್ಚೋಕೆ ಬಗ್ಗಿದ. ಕರು ನೋವಿಗೆ ಒಂದೇ ಒಂದು ಸಲ ಕೂಗಿತು. ನಾನು ಬಟ್ಟೆ ಒಣಗಿಸ್ತಾ ಇದ್ದೆ, ಆ ಕೂಗು ಕೇಳಿಸ್ತು. ಹೋಗೋ ಅಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಹೆಣ ಮನೇಲಿಟ್ಟಿದ್ದಾಗ ಊರವರೆಲ್ಲ ಬಂದ್ರು. ಕೈಯಲ್ಲಿ ಟೀ ಕಪ್ಪು ಹಿಡ್ಕೊಂಡು ಒಬ್ಬೊಬ್ಬರೂ ಅದೇ ಮಾತು. "ತಾಯಿ ಕರುಳು ಅಲ್ವಾ, ಹಸುವನ್ನ ಬೈಯೋಕಾಗಲ್ಲ." ನಾನೂ ಹಸುವನ್ನ ಬೈಯಲ್ಲ! ಅದು ತನ್ನ ಕರು ಕಾಯ್ತು. ಆದ್ರೆ ಅವತ್ತು ಬಂದ ಆ ಐವತ್ತು ಅರವತ್ತು ಗಂಡಸರಲ್ಲಿ ಒಬ್ಬನೇ ಒಬ್ಬ ಮನೆಗೆ ಹೋಗಿ ಕೊಟ್ಟಿಗೆಗೆ ಗೇಟು ಹಾಕಿಸಲಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಟ್ಟ ನನ್ನ ಸ್ವಂತ ತಮ್ಮನೂ ಹಾಕಿಸಲಿಲ್ಲ. ನನ್ನ ಹೊಟ್ಟೆ ಉರಿಯೋದು ಅದಕ್ಕೆ.

ಮಾರ್ಚ್ ತಿಂಗಳು, ಒಂದು ಮಂಗಳವಾರ. ಫಿಂಟನ್ ಮೊಣಕಾಲು ತೋರಿಸೋಕೆ ದೊಡ್ಡಾಸ್ಪತ್ರೆಗೆ ಬೆಳಿಗ್ಗೆ ಬಸ್ಸಿಗೇ ಹೋದ. ಎರಡು ವರ್ಷ ಕಾದು ಸಿಕ್ಕ ದಿನ, ಬಿಡೋ ಹಾಗಿರಲಿಲ್ಲ. ಮನೇಲಿ ಊನಾ ಒಬ್ಬಳೇ. ಹನ್ನೊಂದು ಗಂಟೆಗೆ ಕೆಂಪಿ ಈದಳು. ಏನೂ ತೊಂದ್ರೆ ಇಲ್ಲದೆ, ಚೆನ್ನಾಗಿರೋ ಹೆಣ್ಣುಗರು. ಊನಾ ಗೋಡೆ ಆಚೆಯಿಂದಲೇ ನೋಡಿದಳು. ಕರು ಎದ್ದಿತು, ಬಿತ್ತು, ಮತ್ತೆ ಎದ್ದಿತು, ಆದ್ರೆ ಕೆಚ್ಚಲು ಸಿಗಲಿಲ್ಲ. ಗೋಡೆ ನೆಕ್ಕುತ್ತೆ, ತಾಯಿ ಎದೆ ನೆಕ್ಕುತ್ತೆ, ಮೊಲೆ ಮಾತ್ರ ಸಿಗ್ತಿಲ್ಲ. ಹಾಗೇ ಒಂದೂವರೆ ಗಂಟೆ ಹೊತ್ತು ಕಳೀತು. ಗಿಣ್ಣದ ಹಾಲು ಎರಡು ಗಂಟೆ ಒಳಗೆ ಹೊಟ್ಟೆಗೆ ಹೋಗಬೇಕು, ಇಲ್ಲಾಂದ್ರೆ ಕರುಗೆ ರೋಗ ತಡೆಯೋ ಶಕ್ತಿ ಇರಲ್ಲ. ಅದು ಊನಾಗೂ ಗೊತ್ತು. ಗಂಡನಿಗೆ ಫೋನ್ ಮಾಡಿದಳು.

"ನನ್ನ ಕೋಟು ಹಾಕ್ಕೊಂಡು ಹೋಗು" ಅಂದ ಅವನು. "ಮೆಲ್ಲಗೆ ಮಾತಾಡ್ಸು. ಕರುನ ಕೆಚ್ಚಲ ಹತ್ರ ತಳ್ಳಿ ಬಂದ್ಬಿಡು, ಎರಡು ನಿಮಿಷದ ಕೆಲಸ."

"ಡಿಲಿಯಾನ ಕರೀಲಾ?"

"ಅಕ್ಕ ಬಂದ್ರೆ ಕರು ಕುಡಿಯೋಕೆ ಮುಂಚೆ ಭಾಷಣ ಕುಡೀಬೇಕಾಗುತ್ತೆ. ಬೇಡ."

ಇದೆಲ್ಲ ಊನಾ ಆಮೇಲೆ ನನಗೆ ಹೇಳಿದ್ದು. ಆ ಹೊತ್ತಿಗೆ ನಾನು ಅವಳ ಪಾತ್ರೆ ಒಂದು ವಾಪಸ್ ಕೊಡೋಣ ಅಂತ ಅಂಗಳಕ್ಕೆ ಬಂದೆ. ಕೊಟ್ಟಿಗೆಯಲ್ಲಿ ಫಿಂಟನ್‌ನ ಬೆನ್ನು ಕಾಣಿಸ್ತು. ಓ, ಇವನು ಆಸ್ಪತ್ರೆಗೆ ಹೋಗಲೇ ಇಲ್ವಾ ಅಂದ್ಕೊಂಡೆ. ಆಮೇಲೆ ಕೋಟಿನ ಕೆಳಗೆ ಊನಾಳ ನೀಲಿ ಬೂಟು ಕಂಡಿತು. ಆ ಕೋಟು ನನಗೆ ಮೋಸ ಮಾಡ್ತು. ಕೆಂಪಿಗೆ ಮಾಡಲಿಲ್ಲ.

ಇನ್ನೊಬ್ಬರಿಗೂ ಮೋಸ ಆಗಿತ್ತು. ಅವರ ನಾಯಿ ಟಾಸ್. ಕೋಟು ಎಲ್ಲಿ ಹೋದ್ರೂ ನಾಯಿ ಹಿಂದೆ. ಊನಾ ಕರು ಹತ್ರ ಹೋಗೋದಕ್ಕೂ ಟಾಸ್ ಬಾಗಿಲ ಸಂದೀಲಿ ನುಸುಳಿ ಒಳಗೆ ಬರೋದಕ್ಕೂ ಸರಿಹೋಯ್ತು. ಈದ ಹಸು ಎದುರಿಗೆ ನಾಯಿ! ಕೆಂಪಿ ಬುಸ್ ಅಂದಳು. ನಾಯಿ ಹೆದರಿ ಎಲ್ಲಿಗೆ ಹೋಗುತ್ತೆ? ಕೋಟಿನ ಹಿಂದೆ, ಊನಾಳ ಕಾಲ ಸಂದಿಗೆ.

"ಊನಾ! ಹೊರಗೆ ಬಾರೇ!" ಅಂತ ಕೂಗಿದೆ. ಅವಳು ತಿರುಗಿ ನೋಡಿದಳು. ಅಷ್ಟರಲ್ಲಿ ಕೆಂಪಿ ತಲೆ ತಗ್ಗಿಸಿ ನುಗ್ಗಿದಳು. ಎತ್ತಿ ಗೋಡೆಗೆ ಬಡಿದಳು. ಬಿದ್ದ ಮೇಲೂ ಬಿಡಲಿಲ್ಲ, ಹಣೆಯಲ್ಲಿ ಒತ್ತಿ ಒತ್ತಿ ನೆಲಕ್ಕೆ ತೀಡಿದಳು. ಊನಾ ಬಾಯಿಂದ ಒಂದು ಶಬ್ದ ಬಂತು. ಅದನ್ನ ನಾನು ಇಲ್ಲಿ ಹೇಳಲ್ಲ.

ನನಗೆ ಒಳಗೆ ನುಗ್ಗಬೇಕು ಅನ್ನಿಸ್ತು. ನುಗ್ಗಲಿಲ್ಲ. ನುಗ್ಗಿದ್ರೆ ಇವತ್ತು ಈ ಕಥೆ ಹೇಳೋಕೆ ಇಬ್ಬರೂ ಇರ್ತಿರಲಿಲ್ಲ. ಸಲಿಕೆ ತಗೊಂಡು ಕಬ್ಬಿಣದ ಬಾಗಿಲಿಗೆ ಬಡಿದೆ, ಗಂಟಲು ಹರಿಯೋ ಹಾಗೆ ಕಿರುಚಿದೆ. ಟಾಸ್ ಹೆದರಿ ಬಾಗಿಲ ಕಡೆ ಓಡಿದ. ಕೆಂಪಿ ನಾಯಿ ಹಿಂದೆ ನಾಲ್ಕು ಹೆಜ್ಜೆ ಹೋದಳು. ಆ ನಾಲ್ಕು ಹೆಜ್ಜೇಲಿ ಊನಾ ಗೋದಲಿ ಕಂಬಿ ಕೆಳಗೆ ಉರುಳಿದಳು. ಕೋಟು ಕಂಬಿಗೆ ಸಿಕ್ಕಿಹಾಕ್ಕೊಂತು. ನಾನು ಈಚೆಯಿಂದ ಅವಳ ಬಲಗೈ ಹಿಡಿದು ಎಳೆದೆ. ಎಡಗೈ ಆಗಲೇ ಜೋತಾಡ್ತಿತ್ತು. ಕೋಟು ಅಲ್ಲೇ ಉಳೀತು, ಊನಾ ಈಚೆಗೆ ಬಂದಳು. ಕೆಂಪಿ ತಿರುಗಿ ಬಂದು ಆ ಕೋಟನ್ನ ಎಳೆದು ಕೆಳಗೆ ಹಾಕಿ ತುಳಿದಳು. ಆಂಬುಲೆನ್ಸಿಗೆ ಫೋನ್ ಮಾಡಿ ಮುಗಿಸಿದಾಗಲೂ ತುಳೀತಾನೇ ಇದ್ದಳು. ಅದೇ ಕೋಟು. "ಅವಳಿಗೆ ಗೊತ್ತು" ಅಂದಿದ್ದ ಕೋಟು.

ಊನಾ ಅಂಗಳದಲ್ಲಿ ಮಲಗಿದ್ದಳು, ಮುಖ ಸುಣ್ಣದ ಬಣ್ಣ. ಉಸಿರು ಎಳೆಯೋಕೆ ಆಗ್ತಿಲ್ಲ. ಅಂಥ ಹೊತ್ತಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ?

"ಕರು... ಕುಡೀತಾ?"

ಆಗಲೇ ಅವಳ ಫೋನು ಹೊಡ್ಕೊಂತು. ಫಿಂಟನ್. ನಾನೇ ಎತ್ತಿದೆ.

"ಏನೇ, ಕರು ಕುಡೀತಾ?"

ನನ್ನ ತಲೆ ಕೆಟ್ಟೋಯ್ತು. "ಕರು ಮನೆ ಹಾಳಾಗ! ನಿನ್ನ ಹೆಂಡ್ತಿ ಬದುಕಿದಾಳಾ ಅಂತ ಕೇಳೋ ಮೂರ್ಖ!" ಅಂದೆ. ಅವನಿಗೆ ಆಗಿದ್ದು ಗೊತ್ತಿರಲಿಲ್ಲ, ನಿಜ. ಆದ್ರೂ ಬೈದಿದ್ದಕ್ಕೆ ನನಗೆ ಬೇಜಾರಿಲ್ಲ. ನಮ್ಮ ಜನವೇ ಹೀಗೆ. ಮನುಷ್ಯರು ನೆಲದ ಮೇಲೆ ಬಿದ್ದಿದ್ರೂ ಕರು ಕುಡೀತಾ ಅಂತ ಕೇಳೋ ಜನ.

ಫಿಂಟನ್ ಮೊಣಕಾಲಿಗೆ ಕಾಯ್ತಾ ಕೂತಿದ್ದ ಅದೇ ಆಸ್ಪತ್ರೆಗೆ ಊನಾನ ಕರ್ಕೊಂಡು ಹೋದ್ವಿ. ಐದು ಪಕ್ಕೆಲುಬು ಮುರಿದಿತ್ತು. ಎಡಭುಜ ಪುಡಿಪುಡಿ. ಒಂದು ಪಕ್ಕೆಲುಬಿನ ತುದಿ ಶ್ವಾಸಕೋಶಕ್ಕೆ ಚುಚ್ಚಿತ್ತು. ಸಂಜೆ ಡಾಕ್ಟರ್ ಕ್ಲೋಡಾ ಫೋನ್ ಮಾಡಿದ್ರು. ಪಕ್ಕದ ಹೊಲದ ಡೆಸಿ ತನ್ನ ಗೇಟನ್ನ ಟ್ರೇಲರಲ್ಲಿ ಹಾಕ್ಕೊಂಡು ಬಂದನಂತೆ. ಬಕೆಟ್ಟಲ್ಲಿ ಹಿಂಡಿ ತೋರಿಸಿ ಕೆಂಪಿಯನ್ನ ಮೂಲೆಗೆ ಕರೆದು, ಗೇಟು ತಳ್ಳಿ ತಲೆ ಸಿಕ್ಕಿಸಿ, ಕರುಗೆ ಮೊಲೆ ಹಿಡಿಸಿದ್ರಂತೆ.

"ಎಷ್ಟು ಹೊತ್ತು ಹಿಡೀತು?" ಅಂದೆ.

"ಹತ್ತು ನಿಮಿಷ, ಡಿಲಿಯಾ."

ಹತ್ತು ನಿಮಿಷ! ಆಸ್ಪತ್ರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸ್ತು.

ಮೂರನೇ ದಿನ ಊನಾ ನೆಟ್ಟಗೆ ಮಾತಾಡಿದಳು. ನೋಡೋಕೆ ಬಂದಿದ್ದ ಊರಿನವನೊಬ್ಬ ಮಂಚದ ಪಕ್ಕ ನಿಂತು "ಏನೇ ಆಗ್ಲಿ, ಆ ಹಸು ಒಳ್ಳೇ ತಾಯಿ ಕಣಮ್ಮ" ಅಂದ. ಊನಾ ಅವನ ಕಡೆ ತಿರುಗಲೂ ಇಲ್ಲ. ಗಂಡನ್ನ ನೋಡಿದಳು.

"ಫಿಂಟನ್, ನನ್ನ ಇಬ್ಬರು ಮಕ್ಕಳಿಗೂ ನಾನು ಒಳ್ಳೇ ತಾಯೀನೇ. ಈಗ ಹೇಳು. ಮನೇಲಿ ಯಾರಿರಬೇಕು, ನಾನಾ ಕೆಂಪಿಯಾ?"

"ಏನೇ ಇದು, ಊನಾ..."

"ಅಳಬೇಡ. ಹೋಗಿ ಗೇಟು ಹಾಕಿಸು. ಆ ಗೇಟು ಕೊಟ್ಟಿಗೆಗೆ ಬರೋ ತನಕ ನಾನು ಮನೆಗೆ ಬರಲ್ಲ. ಡಿಲಿಯಾ ಮನೇಲಿರ್ತೀನಿ."

ಮಾರನೇ ಬೆಳಿಗ್ಗೆ ನನ್ನ ಅಡುಗೆಮನೆ ಕಿಟಕಿಯಿಂದ ನೋಡಿದೆ. ಫಿಂಟನ್ ಕುಂಟ್ಕೊಂಡು ಬಂದ, ಕೈಯಲ್ಲಿ ರೊಟ್ಟಿ ಕುಯ್ಯೋ ಚಾಕು. ಆ ನೀಲಿ ಹಗ್ಗ ಒಂದೊಂದೇ ಕುಯ್ದ. ಗೇಟನ್ನ ಬೆನ್ನ ಮೇಲೆ ಹಾಕ್ಕೊಂಡು ಎಳ್ಕೊಂಡು ಹೋದ. ಅವನ ಕುರಿಗಳೆಲ್ಲ ಸಂದಿಯಿಂದ ನುಗ್ಗಿ ನನ್ನ ಎಲೆಕೋಸು ಒಂದೂ ಉಳಿಸದೆ ತಿಂದ್ವು. ತಿನ್ನಲಿ ಅಂತ ಸುಮ್ನೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಕೀಲು ಕೂತು ಗೇಟು ನಿಂತಿತು.

ಆಮೇಲೆ ಬಂದು ನನ್ನ ಮೇಜಿನ ಮುಂದೆ ಕೂತ.

"ಅಕ್ಕ, ಎಮನ್ ಹೋದಾಗ ನಾನೂ ಹಾಗೇ ಅಂದಿದ್ದೆ, ಅಲ್ವಾ? ಹಸುವನ್ನ ಬೈಯೋಕಾಗಲ್ಲ ಅಂತ."

"ಅಂದಿದ್ದೆ."

"ಅವತ್ತೇ ಕೆನ್ನೆಗೆ ಎರಡು ಬಿಡಬೇಕಿತ್ತು ನೀನು."

"ಈಗ್ಲೂ ಕೈ ಗಟ್ಟಿಯಾಗಿದೆ ಕಣೋ."

"ಮೊದಲು ಟೀ ಕೊಡು" ಅಂದ. ಕೊಟ್ಟೆ. ಇಬ್ಬರೂ ಅತ್ತೆವು.

ಅಕ್ಟೋಬರಲ್ಲಿ ಕೆಂಪಿ ಹೋದಳು. ಇನ್ನೊಬ್ಬರ ಕೊಟ್ಟಿಗೆಗಲ್ಲ. ಇನ್ನೊಂದು ಮನೆ ಹೆಂಗಸಿನ ಪಕ್ಕೆ ಮುರೀಲಿ ಅಂತ ಮಾರೋಕಾಗುತ್ತಾ? ನೇರ ಕಸಾಯಿಖಾನೆಗೆ ಹೋದಳು. ಅವಳ ಹೆಣ್ಣುಗರು ನೋಡಿ ಸಂತೇಲಿ ಎಲ್ಲರೂ "ತಳಿಗೆ ಇಟ್ಕೊಳ್ಳೋ ಫಿಂಟನ್, ಇಂಥದ್ದು ಸಿಗಲ್ಲ" ಅಂದ್ರು. ಅವನು "ತಾಯಿ ಸಿಟ್ಟು ಮಗಳಿಗೂ ಬರುತ್ತೆ, ಬೇಡ" ಅಂದ. ಅವನ ಬಾಯಲ್ಲಿ ಆ ಮಾತು ಕೇಳೋಕೆ ನಾನು ಹನ್ನೊಂದು ವರ್ಷ ಕಾದೆ.

ಈಗ ನಿಮ್ಮ ಕಡೆ ತಿರುಗ್ತೀನಿ. ಕೇಳ್ತಿದೀರಲ್ಲ, ನೀವೇ. ನಿಮ್ಮ ಮನೇಲೂ ಒಂದು ಕೆಂಪಿ ಇದಾಳೆ. ಇಲ್ಲ ಅನ್ನಬೇಡಿ. "ನಮ್ಮದು ಬಹಳ ಸಾಧು" ಅಂತೀರಾ? ನನ್ನ ಗಂಡನ್ನ ಕೊಂದಿದ್ದು ಸಾಧು ಹಸುನೇ. ಈದ ಹಸುಗೂ ಕರುಗೂ ಮಧ್ಯೆ ಹೋಗಬೇಡಿ. ಕರು ಮುಟ್ಟೋ ಮುಂಚೆ ಹಸುನ ಗೇಟಿನ ಆಚೆ ಭದ್ರ ಮಾಡಿ. ಗೇಟಿಲ್ಲದಿದ್ರೆ ಪಕ್ಕದವರದ್ದು ಕೇಳಿ ತನ್ನಿ, ನಾಚಿಕೆ ಏನು? ನಾಯಿನ ಕಟ್ಟಿಹಾಕಿ. ಒಬ್ಬರೇ ಹೋಗಬೇಡಿ, ಹೆಂಡತಿನ ಒಬ್ಬಳನ್ನೇ ಕಳಿಸಲೂಬೇಡಿ. ಒಂದು ಸಲ ಹಾಯ್ದ ಹಸು ಮತ್ತೆ ಹಾಯುತ್ತೆ. ಅವಳ ಕರು ಎಷ್ಟೇ ಚೆಂದ ಇರಲಿ, ಅವಳನ್ನ ಇಟ್ಕೋಬೇಡಿ.

ಊನಾಳ ಎಡಗೈ ಇನ್ನೂ ಭುಜದಿಂದ ಮೇಲೆ ಏಳಲ್ಲ. ಬೆಳಿಗ್ಗೆ ಅವಳ ತಲೆ ಬಾಚೋದು ಫಿಂಟನ್. ಹಸುವಿನ ಬಾಲ ಹಿಡಿದ ಕೈ, ಜಡೆ ನೆಟ್ಟಗೆ ಬರಲ್ಲ. ಅವಳು ಬೈತಾಳೆ, ಅವನು ಬಿಚ್ಚಿ ಮತ್ತೆ ಹಾಕ್ತಾನೆ. ಅವಳು ಬೈಯೋಕೆ ಬದುಕಿದಾಳೆ. ನನ್ನ ಮನೇಲಿ ನನ್ನ ಬೈಗುಳ ಕೇಳೋರು ಯಾರೂ ಇಲ್ಲ.

ಆ ಹರಿದ ಕೋಟನ್ನ ಅವರು ಬಿಸಾಡಿಲ್ಲ. ಕೊಟ್ಟಿಗೇಲಿ, ಗೇಟಿನ ಮೇಲೇ ನೇತಾಕಿದಾರೆ. ನೋಡ್ಬೇಕು ಅನ್ನೋರು ಬನ್ನಿ, ನಾನೇ ತೋರಿಸ್ತೀನಿ. ಆದ್ರೆ ಬರೋ ಮುಂಚೆ ನಿಮ್ಮ ಗೇಟು ಯಾವ ಸಂದಿಗೆ ಕಟ್ಟಿದೀರೋ, ಹೋಗಿ ಬಿಚ್ಚಿ ತಂದು ಕೊಟ್ಟಿಗೆಗೆ ಹಾಕಿ. ಇವತ್ತೇ. ಈ ಮಾತು ಮುಗಿಯೋಕೆ ಕಾಯಬೇಡಿ, ಎದ್ದೇಳಿ.